ಸೊಸೈಟಿ ಡೈರೆಕ್ಟರುಗಳಿಗೆ ಪಗಾರ ಕೊಡಬೇಕಾ? ಮುಂದಿನ ರವಿವಾರ ಮಹಾಸಭೆ ಇದೆ, ತಿಳಿದವರು ಹೇಳಿ

ಘಟಪ್ರಭಾ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ಕಡೆಯವನು. ಊರಿನ ಒಂದು ಪತ್ತಿನ ಸೊಸೈಟಿಯಲ್ಲಿ ಹನ್ನೆರಡು ವರ್ಷದಿಂದ ಸದಸ್ಯ. ಹೆಸರು ಬೇಡ, ಊರು ಸಣ್ಣದು. ಶೇರು ಇದೆ, ಸ್ವಲ್ಪ ಠೇವು (ಠೇವಣಿ) ಇದೆ, ಎರಡು ಸಲ ಸಾಲ ತೆಗೆದು ತೀರಿಸಿದ್ದೇನೆ.

ಮೊನ್ನೆ ಮಹಾಸಭೆಯ ನೋಟಿಸು ಬಂತು. ಪ್ರತಿ ವರ್ಷದ ಹಾಗೆ ಅಢಾವೆ ಪತ್ರಿಕೆ, ಲಾಭ ಹಂಚಿಕೆ, ಆಡಿಟರ್ ನೇಮಕ ಎಲ್ಲಾ ಇದೆ. ಒಂಬತ್ತನೇ ವಿಷಯಕ್ಕೆ ಬಂದಾಗ ಚಹಾ ಕೆಳಗಿಟ್ಟು ಇನ್ನೊಮ್ಮೆ ಓದಿದೆ. ಆಡಳಿತ ಮಂಡಳಿಯವರ ಸಭಾ ಭತ್ಯೆ ಈಗ ಮೀಟಿಂಗಿಗೆ 200 ರೂಪಾಯಿ ಇದೆ, ಅದನ್ನು 1,500 ಮಾಡುವುದು. ಜೊತೆಗೆ ಅಧ್ಯಕ್ಷರಿಗೆ ತಿಂಗಳಿಗೆ 12,000, ಉಪಾಧ್ಯಕ್ಷರಿಗೆ 6,000 ಗೌರವಧನ.

ನಾನು ಕಿರಾಣಿ ಅಂಗಡಿಯವನು, ಲೆಕ್ಕ ಹಾಕದೆ ಇರಲಿಕ್ಕೆ ಆಗುವುದಿಲ್ಲ. 13 ಜನ ಡೈರೆಕ್ಟರು, ತಿಂಗಳಿಗೊಂದು ಮೀಟಿಂಗ್. ಈಗ ವರ್ಷಕ್ಕೆ 31,200 ರೂಪಾಯಿ ಹೋಗುತ್ತಿದೆ. ಹೊಸ ಲೆಕ್ಕದಲ್ಲಿ ಭತ್ಯೆಯೇ 2,34,000. ಗೌರವಧನ ಸೇರಿಸಿದರೆ ಒಟ್ಟು ನಾಲ್ಕೂವರೆ ಲಕ್ಷ. ಕಳೆದ ವರ್ಷ ಸೊಸೈಟಿಯ ಲಾಭ 31 ಲಕ್ಷ. ಶೇರುದಾರರಿಗೆಲ್ಲ ಸೇರಿ ಹಂಚಿದ ಡಿವಿಡೆಂಡು 9 ಲಕ್ಷ. ಅಂದರೆ 1,800 ಸದಸ್ಯರಿಗೆ ಸಿಗುವುದರ ಅರ್ಧದಷ್ಟು ಈ ಹದಿಮೂರು ಜನಕ್ಕೆ. ಇನ್ನೊಂದು ಮಾತು, ಕೌಂಟರಿನಲ್ಲಿ ದಿನವಿಡೀ ಕೂರುವ ಕ್ಲರ್ಕ್ ಹುಡುಗಿಗೆ ತಿಂಗಳಿಗೆ 11,000.

ಸಿಟ್ಟು ಬಂದಿದ್ದು ನಿಜ. ಆದರೆ ರಾತ್ರಿ ಮಲಗಿ ಯೋಚಿಸಿದರೆ, ಪುಕ್ಕಟೆ ಯಾಕೆ ದುಡಿಯಬೇಕು ಅವರು ಅಂತಲೂ ಅನಿಸಿತು. ವಸೂಲಿಗೆ ಮನೆಮನೆ ತಿರುಗುವವರೂ ಇದ್ದಾರೆ ಅವರಲ್ಲಿ. ಸಹಕಾರ ಅಂದರೆ ಸೇವೆ, ಸಂಬಳ ಅಲ್ಲ ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಈಗಿನ ಕಾಲಕ್ಕೆ ಅದು ನಡೆಯುತ್ತದಾ? ಬೇರೆ ಕಡೆ ಹೇಗಿದೆ? ಸಭೆಯಲ್ಲಿ ಎದ್ದು ಏನು ಕೇಳಲಿ?

ಮಂಜೂರ್_ಮಂಜೂರ್

ಏನೂ ಕೇಳಬೇಡಿ ಸಾಹುಕಾರ್ರೆ. ಕಾರ್ಯದರ್ಶಿ ಠರಾವು ಓದುತ್ತಾರೆ, ಮುಂದಿನ ಸಾಲಿನ ನಾಲ್ಕು ಮಂದಿ "ಮಂಜೂರ್ ಮಂಜೂರ್" ಅಂತ ಕೂಗುತ್ತಾರೆ, ಅಷ್ಟರಲ್ಲಿ ಹಿಂದೆ ಹುಗ್ಗಿಯ ಘಮ ಬರುತ್ತದೆ. ಸ್ಟೀಲ್ ಡಬ್ಬಿ ತಗೊಂಡು ಮನೆಗೆ ಬನ್ನಿ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಒಂಬತ್ತನೇ ವಿಷಯಕ್ಕೆ ಬರುವ ಹೊತ್ತಿಗೆ ಪೆಂಡಾಲಿನಲ್ಲಿ ಅರ್ಧ ಜನ ಇರುವುದಿಲ್ಲ. ಅದಕ್ಕೇ ಅದು ಒಂಬತ್ತನೇದು.

ಇಂಡಿ_ನಿಂಬೆ

ಮೇಲಿನವರು ಹೇಳಿದ್ದು ನಗೆಮಾತಲ್ಲ, ಹಾಗೇ ನಡೆಯುತ್ತದೆ. ನಾನು ವಿಜಯಪುರ ಜಿಲ್ಲೆಯಲ್ಲಿ ಇಪ್ಪತ್ತೆಂಟು ವರ್ಷ ಎರಡು ಸೊಸೈಟಿಗಳಲ್ಲಿ ಕಾರ್ಯದರ್ಶಿಯಾಗಿದ್ದೆ, ಈಗ ನಿವೃತ್ತ. ಅಜೆಂಡಾ ಬರೆಯುತ್ತಿದ್ದವನೂ ನಾನೇ. ಯಾವುದನ್ನು ಎಷ್ಟನೇ ನಂಬರಿಗೆ ಹಾಕಬೇಕು ಅಂತ ಅಧ್ಯಕ್ಷರು ಹೇಳುತ್ತಿದ್ದರು, ಹಾಕುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಒಂದು ಕಥೆ ಹೇಳುತ್ತೇನೆ. ನನ್ನ ಮೊದಲ ಸೊಸೈಟಿಯಲ್ಲಿ ಆಡಳಿತ ಮಂಡಳಿ ಒಂದು ಪೈಸೆ ಭತ್ಯೆ ತೆಗೆದುಕೊಳ್ಳುತ್ತಿರಲಿಲ್ಲ. ಪ್ರತಿ ಮಹಾಸಭೆಯಲ್ಲಿ ಇದನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸುತ್ತಿದ್ದೆವು. ಸೊಸೈಟಿಯ ಆಫೀಸು ಇದ್ದದ್ದು ಅಧ್ಯಕ್ಷರ ಅಳಿಯನ ಕಟ್ಟಡದಲ್ಲಿ. ಬಾಡಿಗೆ 18,000. ಪಕ್ಕದ ಅಷ್ಟೇ ದೊಡ್ಡ ಮಳಿಗೆಗೆ 9,000 ಇತ್ತು. ವರ್ಷಕ್ಕೆ ಒಂದು ಲಕ್ಷದ ಮೇಲೆ ಎಂಟು ಸಾವಿರ ಹೆಚ್ಚಿಗೆ ಹೋಗುತ್ತಿತ್ತು. ಅದು ಸಭಾ ಭತ್ಯೆಯ ಕಾಲಮ್ಮಿನಲ್ಲಿ ಬರುವುದಿಲ್ಲ ನೋಡಿ, ಬಾಡಿಗೆಯ ಕಾಲಮ್ಮಿನಲ್ಲಿ ಬರುತ್ತದೆ, ಯಾರೂ ಕೇಳುವುದಿಲ್ಲ. ಒಬ್ಬ ಡೈರೆಕ್ಟರ ಮಗ ಕ್ಲರ್ಕ್ ಆದ. ಇನ್ನೊಬ್ಬರ ತಮ್ಮನಿಗೆ ಟ್ರ್ಯಾಕ್ಟರ್ ಸಾಲ, ಅದು ಮೂರು ವರ್ಷ ಕಟಬಾಕಿ, ನೋಟಿಸು ಟೈಪ್ ಮಾಡಿ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ, ಕಳಿಸು ಅಂತ ಯಾರೂ ಹೇಳಲಿಲ್ಲ. ಪುಕ್ಕಟೆ ಡೈರೆಕ್ಟರು ಬಹಳ ತುಟ್ಟಿ ಬೀಳುತ್ತಾರೆ ಒಮ್ಮೊಮ್ಮೆ.

ಹಾಗಂತ ದುಡ್ಡು ಕೊಟ್ಟರೆ ಇದು ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ತಿನ್ನುವವನು ಎರಡೂ ತಿನ್ನುತ್ತಾನೆ.

ನಾನು ನೋಡುವುದು ಇಷ್ಟೇ. ಸಭಾ ಭತ್ಯೆ ಬೇರೆ, ತಿಂಗಳ ಗೌರವಧನ ಬೇರೆ. ಎರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿ ತಂದಿದ್ದಾರಲ್ಲ, ಅಲ್ಲೇ ಚಾಲಾಕಿ ಇದೆ. ಭತ್ಯೆ ಅಂದರೆ ಬಂದು ಕೂತು, ಸಾಲದ ಫೈಲು ಓದಿ, ಹೊಲದ ಉತಾರ ನೋಡಿ, ಅದರಲ್ಲಿ ಸಾಲದ ಬೋಜಾ ಏರಿದೆಯಾ ಅಂತ ಕೇಳಿ, ಜಾಮೀನುದಾರ ಯಾರು ಅಂತ ವಿಚಾರಿಸಿದ್ದಕ್ಕೆ. ಅದು ನ್ಯಾಯ. 200 ರೂಪಾಯಿ ಪೆಟ್ರೋಲಿಗೂ ಆಗುವುದಿಲ್ಲ. ಗೌರವಧನ ಹಾಗಲ್ಲ. ಸೊಸೈಟಿಗೆ ಪಗಾರದ ಮುಖ್ಯ ಕಾರ್ಯನಿರ್ವಾಹಕ ಒಬ್ಬ ಇದ್ದೇ ಇರುತ್ತಾನೆ. ಅಧ್ಯಕ್ಷರಿಗೂ ತಿಂಗಳ ದುಡ್ಡು ಶುರುವಾದರೆ ಅವರು ದಿನಾ ಹನ್ನೊಂದಕ್ಕೆ ಬಂದು ಕ್ಯಾಬಿನ್ನಿನಲ್ಲಿ ಕೂರುತ್ತಾರೆ. ಸಾಲ ಬೇಕಾದವರು ಕೌಂಟರು ಬಿಟ್ಟು ಕ್ಯಾಬಿನ್ನಿಗೆ ಹೋಗುತ್ತಾರೆ. ಆಮೇಲೆ ಮಂಡಳಿಯ ಮೀಟಿಂಗು ಅಂದರೆ ಅಲ್ಲಿ ಆಗಿದ್ದಕ್ಕೆ ಸಹಿ ಹಾಕುವುದು. ಕಾವಲುಗಾರನನ್ನೇ ಅಡುಗೆಗೆ ಹಚ್ಚಿದ ಹಾಗೆ ಆಗುತ್ತದೆ ಅದು.

ಇನ್ನೊಂದು ಎಚ್ಚರಿಕೆ. ಮೀಟಿಂಗಿಗೆ ಇಷ್ಟು ಅಂತ ಆದ ಮೇಲೆ ಮೀಟಿಂಗುಗಳು ಮರಿ ಹಾಕುತ್ತವೆ. ಸಾಲ ಉಪಸಮಿತಿ, ವಸೂಲಿ ಉಪಸಮಿತಿ, ಕಟ್ಟಡ ಉಪಸಮಿತಿ, ಗಣಪತಿ ಹಬ್ಬದ ಉಪಸಮಿತಿ. ನನ್ನ ಎರಡನೇ ಸೊಸೈಟಿಯಲ್ಲಿ ಒಂದೇ ಮಧ್ಯಾಹ್ನ ಮೂರು ಮೀಟಿಂಗು ಬರೆದದ್ದು ನನ್ನದೇ ಕೈ. ಖುರ್ಚಿ ಅವೇ, ಭಜಿ ಅವೇ, ನಡಾವಳಿ ಪುಸ್ತಕದಲ್ಲಿ ಹಾಳೆ ಮಾತ್ರ ಬೇರೆ. ಅದಕ್ಕೆ ತಿಂಗಳಿಗೆ ಎಷ್ಟೇ ಮೀಟಿಂಗು ಆಗಲಿ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಠರಾವಿನಲ್ಲೇ ಬರೆಸಿ.

ಕಂಡಿಕಿ_ಅಕ್ಕ

ಇಂಡಿಯ ಕಾಕಾ ಅವರು ಚೆನ್ನಾಗಿ ಹೇಳಿದರು. ನಾನು ಒಂದು ಮಾತು ಸೇರಿಸುತ್ತೇನೆ, ಇದನ್ನು ಗಂಡಸರು ಯಾರೂ ಹೇಳುವುದಿಲ್ಲ.

ನಾವು ಇಳಕಲ್ ಕಡೆ, ನೇಕಾರರು. ನಮ್ಮಲ್ಲಿ ಹೆಂಗಸರದೇ ಒಂದು ಸಣ್ಣ ಪತ್ತಿನ ಸಂಘ ಇದೆ. ನಾಲ್ಕು ವರ್ಷದ ಹಿಂದೆ ನನ್ನನ್ನು ಡೈರೆಕ್ಟರ್ ಮಾಡಿದರು, ಅವಿರೋಧ. ಅವಿರೋಧ ಯಾಕೆ ಅಂದರೆ ಯಾರಿಗೂ ಬೇಡವಾಗಿತ್ತು. ಮೀಟಿಂಗು ಹಗಲು ಹನ್ನೊಂದಕ್ಕೆ. ನಾನು ಮಗ್ಗ ಬಿಟ್ಟು ಹೋದರೆ ಆ ದಿನದ ಕೂಲಿ ಹೋಯಿತು. ನಾನು ನೂಲಿನ ಕಂಡಿಕಿ ಸುತ್ತಿ ಕೊಡದಿದ್ದರೆ ಮನೆಯವರ ಮಗ್ಗವೂ ಮಧ್ಯಾಹ್ನಕ್ಕೆ ನಿಲ್ಲುತ್ತದೆ. ಎರಡು ಕೈ ಕೆಲಸ ಬಿಟ್ಟ ಹಾಗೆ. ಮೇಲೆ ಆಟೋ ಖರ್ಚು. ಮೊದಲ ವರ್ಷ ಎರಡು ಮೀಟಿಂಗು ಸತತ ತಪ್ಪಿಸಿದೆ. ಮೂರನೇದೂ ತಪ್ಪಿಸಿದರೆ ನಮ್ಮ ಬೈಲಾ ಪ್ರಕಾರ ಸ್ಥಾನ ಹೋಗುತ್ತದೆ ಅಂತ ಕಾರ್ಯದರ್ಶಿ ಬಾಯಿ ಮನೆಗೇ ಬಂದು ಹೇಳಿದರು.

ಆವತ್ತು ಮೀಟಿಂಗಿಗೆ ಹೋಗಿ ಸುತ್ತ ನೋಡಿದೆ. ತಪ್ಪದೆ ಬರುವವರು ಯಾರು? ಅಂಗಡಿ ಇದ್ದವರ ಮನೆಯವರು, ಪಗಾರದ ಗಂಡ ಇದ್ದವರು, ಹೊಲ ಲಾವಣಿಗೆ ಕೊಟ್ಟು ಕೂತವರು. ಸಾಲ ಬೇಕಾದವರು ನಾವು, ಸಾಲ ಮಂಜೂರು ಮಾಡುವವರು ಅವರು. ಒಳ್ಳೆಯವರೇ, ನಾನು ಕೆಟ್ಟದ್ದು ಅನ್ನುವುದಿಲ್ಲ. ಆದರೆ ರೇಷ್ಮೆ ನೂಲಿಗೆ ಸಾಲ ಯಾವ ತಿಂಗಳು ಬೇಕು, ಸೀರೆ ಮಾರಿ ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ತಿಂಗಳ ಕಂತು ಅಂತ ಹಾಕುತ್ತಾರೆ, ನಮ್ಮ ದುಡ್ಡು ತಿಂಗಳ ಲೆಕ್ಕದಲ್ಲಿ ಬರುವುದೇ ಇಲ್ಲ.

ಸೇವೆ ಅನ್ನುವುದು ಹೊಟ್ಟೆ ತುಂಬಿದವರಿಗೆ ಹಗುರ. ಕಾನೂನಿನಲ್ಲಿ ಮಂಡಳಿಯಲ್ಲಿ ಹೆಂಗಸರಿಗೆ ಸ್ಥಾನ ಇಟ್ಟಿದ್ದಾರೆ ಸರಿ, ಆ ಸ್ಥಾನದಲ್ಲಿ ಕೂರಲಿಕ್ಕೆ ಕೂಲಿ ಬಿಟ್ಟು ಬರಬೇಕಲ್ಲ? ಎಷ್ಟೋ ಕಡೆ ಹೆಸರು ಹೆಂಡತಿಯದು, ಖುರ್ಚಿಯಲ್ಲಿ ಗಂಡ.

ನಮ್ಮ ಸಂಘದಲ್ಲಿ ಏನು ಮಾಡಿದೆವು ಅಂದರೆ, ಒಂದು ದಿನದ ಮಗ್ಗದ ಕೂಲಿ ಎಷ್ಟೋ ಅಷ್ಟು ಭತ್ಯೆ, ಜೊತೆಗೆ ಆಟೋ ಖರ್ಚು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಮೀಟಿಂಗು ಸಂಜೆಗೆ ಹಾಕಿದೆವು. ಈಗ ಹನ್ನೊಂದು ಜನರಲ್ಲಿ ಐದು ಜನ ಮಗ್ಗದವರು. ಕಳೆದ ಸಲ ನೂಲಿನ ಸಾಲದ ಕಂತು ಬದಲಾಯಿಸಿದ್ದು ನಾವೇ.

ಘಟಪ್ರಭಾ_ದಂಡೆ

ಅಕ್ಕಾರೆ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ನಮ್ಮ ಹದಿಮೂರು ಜನರನ್ನು ಈಗ ಎಣಿಸಿ ನೋಡಿದೆ. ಕೂಲಿಗೆ ಹೋಗುವವರು ಒಬ್ಬರೂ ಇಲ್ಲ. ಎಲ್ಲರ ಮನೆ ಮುಂದೆ ಕಾರು ಇದೆ. ಹಾಗಿದ್ದರೆ ಅವರಿಗೆ 1,500 ಯಾಕೆ ಅಂತ ಮತ್ತೆ ಸಿಟ್ಟು ಬರುತ್ತಿದೆ, ಏನು ಮಾಡಲಿ.

ಗಡಿನಾಡು_ಪತಸಂಸ್ಥೆ

ಚಿಕ್ಕೋಡಿ ಕಡೆಯವನು ನಾನು. ನಮ್ಮಲ್ಲಿ ಸೊಸೈಟಿಗೆ ಪತಸಂಸ್ಥೆ ಅಂತಲೂ ಅನ್ನುತ್ತಾರೆ. 1956ರ ತನಕ ಮುಂಬಯಿ ಪ್ರಾಂತದಲ್ಲಿದ್ದ ಊರುಗಳು, ಮಾತು ಹಾಗೇ ಉಳಿದಿದೆ.

ಯಾರೂ ಹೇಳದ ಖರ್ಚು ಒಂದಿದೆ. ಎಲೆಕ್ಷನ್. ದೊಡ್ಡ ಸೊಸೈಟಿಯ ಮಂಡಳಿಗೆ ನಿಲ್ಲಬೇಕಾದರೆ ಪ್ಯಾನೆಲ್ ಬೇಕು, ಜೀಪು ಬೇಕು, ರಾತ್ರಿ ಊಟ ಬೇಕು, ದೂರದ ಮತದಾರರನ್ನು ಪುಣೆಯಿಂದ ಕರೆಸಲಿಕ್ಕೆ ಬಸ್ಸು ಬೇಕು. 200 ರೂಪಾಯಿ ಭತ್ಯೆಯ ಖುರ್ಚಿಗೆ ಲಕ್ಷ ಖರ್ಚು ಮಾಡುತ್ತಾರೆ ಅಂದರೆ ಆ ಖುರ್ಚಿಯ ಬೆಲೆ ಭತ್ಯೆಯಲ್ಲಿ ಇಲ್ಲ ಅಂತ ಅರ್ಥ ಅಲ್ವಾ? ಭತ್ಯೆ ಏರಿಸಿದರೆ ಒಳ್ಳೆಯವರು ಬರುತ್ತಾರೆ ಅನ್ನುವುದು ನನಗೆ ನಂಬಿಕೆ ಇಲ್ಲ. ಪ್ಯಾನೆಲ್ಲಿನವರೇ ಬರುತ್ತಾರೆ, ಭತ್ಯೆ ಮೇಲುಸಂಪಾದನೆ ಆಗುತ್ತದೆ.

ನನ್ನ ಓಟು ವಿರೋಧಕ್ಕೆ. ಪೂರ್ತಿ ವಿರೋಧ. ಮಂಡಳಿಗೆ ಏನೂ ಕೊಡಬೇಡಿ, ಆ ದುಡ್ಡಲ್ಲಿ ಕ್ಲರ್ಕ್ ಹುಡುಗಿಯ ಪಗಾರ ಏರಿಸಿ.

ದೂರದೂರು_ಬೆಳಗಾವಿ

ನಾನು ಬೆಳಗಾವಿಯವನು, ಈಗ ಏಳು ವರ್ಷದಿಂದ ಅಮೆರಿಕದಲ್ಲಿ ಇದ್ದೇನೆ. ಇಲ್ಲಿಯೂ ಇದೇ ಜಗಳ ನಡೆಯುತ್ತದೆ ಅಂತ ಓದಿ ನಗು ಬಂತು, ಹಾಗಾಗಿ ಬರೆಯುತ್ತಿದ್ದೇನೆ.

ಇಲ್ಲಿ ನಮ್ಮ ಸೊಸೈಟಿಯ ಹಾಗೆ ಇರುವುದಕ್ಕೆ ಕ್ರೆಡಿಟ್ ಯೂನಿಯನ್ ಅಂತಾರೆ. ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದೇ ಓಟು, ಡೈರೆಕ್ಟರುಗಳನ್ನು ಸದಸ್ಯರೇ ಆರಿಸುತ್ತಾರೆ. ಕೇಂದ್ರ ಸರ್ಕಾರದ ಕಾನೂನು 1934ರದು. ಅದರ ಪ್ರಕಾರ ಮಂಡಳಿಯ ಸದಸ್ಯರಿಗೆ ಸಂಬಳ ಇಲ್ಲ. ಬಂದು ಹೋಗುವ ಖರ್ಚು, ವಿಮೆ ಇಂಥವು ಕೊಡಬಹುದು. ಮಂಡಳಿಯ ಪದಾಧಿಕಾರಿಗಳಲ್ಲಿ ಒಬ್ಬರಿಗೆ ಮಾತ್ರ ಸಂಬಳ ಕೊಡಲಿಕ್ಕೆ ಅವಕಾಶ ಇದೆ. ನೇವಿ ಫೆಡರಲ್ ಅಂತ ಒಂದಿದೆ, ಇಲ್ಲಿ ಎಲ್ಲಕ್ಕಿಂತ ದೊಡ್ಡದು, ಸದಸ್ಯರೇ ಒಂದು ಕೋಟಿಗಿಂತ ಜಾಸ್ತಿ. ಅದರ ಮಂಡಳಿಯವರೂ ಸ್ವಯಂಸೇವಕರೇ.

ಆದರೆ ಕ್ರೆಡಿಟ್ ಯೂನಿಯನ್ನುಗಳು ರಾಜ್ಯ ಕಾನೂನಿನಡಿಯೂ ನೋಂದಣಿ ಆಗಬಹುದು, ಕೆಲವು ರಾಜ್ಯಗಳಲ್ಲಿ ಡೈರೆಕ್ಟರುಗಳಿಗೆ ಹಣ ಕೊಡಬಹುದು. ಅಲ್ಲಿಂದಲೇ ಜಗಳ. ಕೊಡಬೇಕು ಅನ್ನುವವರು ಏನು ಹೇಳುತ್ತಾರೆ ಅಂದರೆ, ಇದು ಈಗ ಚರ್ಚಿನ ನೆಲಮಾಳಿಗೆಯಲ್ಲಿ ಟೇಬಲ್ ಹಾಕಿ ನಡೆಸುವ ಸಂಘ ಅಲ್ಲ, ಸಾವಿರಾರು ಕೋಟಿಯ ವ್ಯವಹಾರ, ಸೈಬರ್ ಕಳ್ಳತನ, ಬಡ್ಡಿಯ ಏರಿಳಿತ, ನಿಯಂತ್ರಕರ ನೂರು ಕಾಗದ, ಇದನ್ನೆಲ್ಲ ನಿವೃತ್ತರು ಬಿಡುವಿನಲ್ಲಿ ನೋಡಲಿಕ್ಕೆ ಆಗುತ್ತದಾ, ಕೆಲಸದಲ್ಲಿರುವ ವಯಸ್ಸಿನವರು ಬರಬೇಕಾದರೆ ಏನಾದರೂ ಕೊಡಬೇಕು ಅಂತ. ಬೇಡ ಅನ್ನುವವರ ಕೈಯಲ್ಲಿ ದೊಡ್ಡ ಅಸ್ತ್ರ ಇದೆ. ಕ್ರೆಡಿಟ್ ಯೂನಿಯನ್ನುಗಳಿಗೆ ಆದಾಯ ತೆರಿಗೆ ಇಲ್ಲ. ಯಾಕೆ ಇಲ್ಲ ಅಂತ 1998ರಲ್ಲಿ ಸಂಸತ್ತು ಬರೆದ ಕಾರಣಗಳಲ್ಲಿ, ಇವನ್ನು ಸಾಮಾನ್ಯವಾಗಿ ಸ್ವಯಂಸೇವಕರ ಮಂಡಳಿ ನಡೆಸುತ್ತದೆ ಅನ್ನುವುದೂ ಒಂದು. ನೀವು ಸಂಬಳ ತೆಗೆದುಕೊಳ್ಳಲಿಕ್ಕೆ ಶುರು ಮಾಡಿದರೆ ನಾಳೆ ಬ್ಯಾಂಕಿನವರು ಬಂದು, ಇವರಿಗೂ ನಮಗೂ ಏನು ವ್ಯತ್ಯಾಸ, ತೆರಿಗೆ ಹಾಕಿ ಅನ್ನುತ್ತಾರೆ.

ಒಂದು ಮಜಾ ಸಂಗತಿ. ಇಲ್ಲಿ ಕ್ರೆಡಿಟ್ ಯೂನಿಯನ್ ಬೆಳೆಸಿದವರಲ್ಲಿ ಎಡ್ವರ್ಡ್ ಫಿಲೀನ್ ಅಂತ ಬೋಸ್ಟನ್ನಿನ ಜವಳಿ ವ್ಯಾಪಾರಿ ಒಬ್ಬರು. ಅವರು 1907ರಲ್ಲಿ ಪ್ರವಾಸಕ್ಕೆ ಅಂತ ಭಾರತಕ್ಕೆ ಬಂದಾಗ ಬಂಗಾಳದ ಹಳ್ಳಿಗಳ ಸಹಕಾರಿ ಸಂಘ ನೋಡಿ ಮರುಳಾದರು. 1909ರಲ್ಲಿ ಅವರ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನು ಬಂತು. ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಂಘ ಕಟ್ಟಿದ್ದರು. ಫಿಲೀನ್ ಸಾಹೇಬರು ಈ ಕಡೆ ಬಂದಿದ್ದರೆ ನಮ್ಮ ಹೆಸರೂ ಸೇರುತ್ತಿತ್ತು.

ಇಂಡಿ_ನಿಂಬೆ

ತಮ್ಮಾ, ಚೆನ್ನಾಗಿ ಬರೆದೆ. ಪುಕ್ಕಟೆಯ ಮೂಲ ಇನ್ನೂ ಹಿಂದೆ ಇದೆ. ನಮಗೆ ಸಹಕಾರ ತರಬೇತಿಯಲ್ಲಿ ಜರ್ಮನಿಯಲ್ಲಿ ಹಳ್ಳಿ ಸಾಲ ಸಂಘ ಕಟ್ಟಿದ ರೈಫೈಸನ್ ಬಗ್ಗೆ ಹೇಳುತ್ತಿದ್ದರು. ಅವರ ಹಳ್ಳಿ ಸಂಘಗಳಲ್ಲಿ ಮಂಡಳಿಗೆ ಸಂಬಳ ಇಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ. ಆದರೆ ಅಲ್ಲಿ ಸಂಘ ಅಂದರೆ ಒಂದು ಹಳ್ಳಿ. ಯಾರ ಹೊಲ ಎಷ್ಟು, ಯಾರು ಕುಡಿಯುತ್ತಾರೆ, ಯಾರ ಎತ್ತು ಸತ್ತಿತು ಎಲ್ಲರಿಗೂ ಗೊತ್ತು. ಹೊಣೆಯೂ ಎಲ್ಲರದು, ಸಂಘ ಮುಳುಗಿದರೆ ಸದಸ್ಯರ ಮನೆಯೂ ಮುಳುಗುವ ಲೆಕ್ಕ. ಅಂಥ ಕಡೆ ಪುಕ್ಕಟೆ ನಡೆಯುತ್ತದೆ. ಇಪ್ಪತ್ತು ಶಾಖೆ ಇರುವ ಸೊಸೈಟಿಗೆ ಅದೇ ಮಾತು ಹೇಳಿದರೆ ಸುಮ್ನೆ ಬಾಯಿಮಾತು.

ಕ್ಯಾಶ್_ಕೌಂಟರ್

ಬೆಳಗಾವಿಯಲ್ಲಿ ಒಂದು ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಕೆಲವರು ಬ್ಯಾಂಕು, ಸೊಸೈಟಿ ಎರಡನ್ನೂ ಒಂದೇ ಅಂತ ತಿಳಿದಿರುತ್ತಾರೆ, ಅದಕ್ಕೆ ಹೇಳುತ್ತೇನೆ.

ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ. ಡೈರೆಕ್ಟರಿಗೆ, ಅವರ ಸಂಬಂಧಿಕರಿಗೆ ಸಾಲ ಕೊಡುವ ಹಾಗಿಲ್ಲ, ತಮ್ಮದೇ ಠೇವಣಿಯ ಮೇಲೆ ತೆಗೆಯುವಂಥ ಸಣ್ಣ ವಿನಾಯಿತಿ ಬಿಟ್ಟರೆ. 100 ಕೋಟಿ ಮತ್ತು ಅದಕ್ಕಿಂತ ಜಾಸ್ತಿ ಠೇವಣಿ ಇದ್ದರೆ ಮಂಡಳಿಯ ಜೊತೆಗೆ ಬೇರೆ ಒಂದು ವ್ಯವಸ್ಥಾಪನಾ ಮಂಡಳಿ ಇರಬೇಕು ಅಂತ 2019ರ ಕೊನೆಗೆ ಆದೇಶ ಬಂತು. ಡೈರೆಕ್ಟರ್ ಎಷ್ಟು ವರ್ಷ ಸತತ ಕೂರಬಹುದು ಅನ್ನುವುದಕ್ಕೂ ಮಿತಿ ಇದೆ, ಮೊದಲು 8 ವರ್ಷ, 2025ರಿಂದ 10. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷದ ತನಕ ವಿಮೆ.

ಸೊಸೈಟಿಗೆ ಈ ವಿಮೆ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಪತ್ತಿನ ಸಂಘವಾಗಲಿ ಸೌಹಾರ್ದ ಸಹಕಾರಿಯಾಗಲಿ, ನಿಮ್ಮ ಠೇವಿನ ಹಿಂದೆ ಇರುವುದು ಆ ಹದಿಮೂರು ಜನರ ಬುದ್ಧಿ ಮತ್ತು ನಿಯತ್ತು, ಮೇಲೆ ಸಂಘದ ಕಾಯ್ದಿಟ್ಟ ನಿಧಿ, ಅಷ್ಟೇ. ಅಮೆರಿಕದಲ್ಲಿ ಕ್ರೆಡಿಟ್ ಯೂನಿಯನ್ನಿಗೂ ಎರಡೂವರೆ ಲಕ್ಷ ಡಾಲರಿನ ತನಕ ವಿಮೆ ಇದೆ. ಮೇಲಿನ ಬೆಳಗಾವಿಯ ಅಣ್ಣ ಅದನ್ನು ಹೇಳಲಿಲ್ಲ. ಅಲ್ಲಿ ಸ್ವಯಂಸೇವಕ ತಪ್ಪು ಮಾಡಿದರೆ ಹಿಡಿಯಲಿಕ್ಕೆ ಕೆಳಗೆ ಜಾಳಿಗೆ ಇದೆ. ನಮ್ಮಲ್ಲಿ ನೆಲವೇ.

ಹಾಗಾಗಿ ಫೈಲು ಓದುವ ಡೈರೆಕ್ಟರಿಗೆ 1,500 ಕೊಟ್ಟರೆ ನನಗೆ ಹೊಟ್ಟೆ ಉರಿಯುವುದಿಲ್ಲ. ಓದುತ್ತಾರಾ ಅನ್ನುವುದು ಪ್ರಶ್ನೆ. ನಮ್ಮ ಬ್ಯಾಂಕಿನಲ್ಲಿ ಮೀಟಿಂಗಿನ ಕಾಗದ ಮೂರು ದಿನ ಮೊದಲೇ ಕಳಿಸುತ್ತೇವೆ. ಮೀಟಿಂಗ್ ಮುಗಿದ ಮೇಲೆ ಕೆಲವು ಲಕೋಟೆ ಒಡೆಯದೆ ಟೇಬಲ್ಲಿನ ಮೇಲೇ ಸಿಗುತ್ತವೆ.

ಪಾಟೀಲ್ರ_ಕಬ್ಬು

ನಾನು ಹಾಲಿ ಡೈರೆಕ್ಟರ್. ಯಾವ ಸೊಸೈಟಿ ಅಂತ ಹೇಳುವುದಿಲ್ಲ, ಜಮಖಂಡಿ ತಾಲೂಕು. ಎಲ್ಲರೂ ನಮ್ಮನ್ನು ಕಳ್ಳರ ಸಾಲಿಗೆ ಹಾಕಿದಿರಿ, ಈಗ ನಮ್ಮ ಮಾತೂ ಕೇಳಿ.

ತಿಂಗಳಿಗೆ ಒಂದು ಮೀಟಿಂಗು ಅಂತೀರಿ. ನನ್ನ ಭಾಗದ ಸುಸ್ತಿದಾರರ ಪಟ್ಟಿಯಲ್ಲಿ ಹದಿನೇಳು ಹೆಸರು. ಅದರಲ್ಲಿ ನಾಲ್ಕು ನನ್ನ ಬೀಗರ ಕಡೆಯವರು. ವಸೂಲಿಗೆ ಹೋದರೆ ಮದುವೆಗೆ ಕರೆಯುವುದಿಲ್ಲ, ಹೋಗದಿದ್ದರೆ ಮಹಾಸಭೆಯಲ್ಲಿ ನೀವೇ ಬಯ್ಯುತ್ತೀರಿ. ಬಂಗಾರದ ಸಾಲದಲ್ಲಿ ಒಮ್ಮೆ ಪತ್ತಾರರು ಒರೆ ಹಚ್ಚಿ ಸರಿ ಅಂದ ಮೇಲೂ ಬಳೆ ಒಳಗೆ ತಾಮ್ರ ಇತ್ತು. ಆರು ತಿಂಗಳು ಪೊಲೀಸ್ ಠಾಣೆಗೆ ತಿರುಗಿದ್ದು ನಾವು. ವಿಚಾರಣೆ ಅಂತ ಆದರೆ 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಇದೆ, ನಷ್ಟ ನಮ್ಮಿಂದಲೇ ಆಯಿತು ಅಂತ ಸಾಬೀತಾದರೆ 69ರಲ್ಲಿ ಕೈಯಿಂದ ಕಟ್ಟಿಸುತ್ತಾರೆ. 200 ರೂಪಾಯಿಗೆ ಇಷ್ಟು ಹೊಣೆ ಯಾರು ಹೊರುತ್ತಾರೆ ಹೇಳಿ? ಹೊರುವವನಿಗೆ ಬೇರೆ ಏನೋ ಲಾಭ ಇರಬೇಕು, ಇಲ್ಲಾ ನನ್ನ ಹಾಗೆ ಹುಚ್ಚು ಇರಬೇಕು.

ಪುಕ್ಕಟೆ ಅನ್ನುವುದಕ್ಕೆ ಇನ್ನೊಂದು ರೋಗ ಇದೆ. ಗೈರುಹಾಜರಾದವನನ್ನು ಕೇಳಲಿಕ್ಕೆ ಆಗುವುದಿಲ್ಲ. "ನಾನೇನು ಪಗಾರ ತಗೋತೀನಾ?" ಅನ್ನುತ್ತಾನೆ, ಬಾಯಿ ಮುಚ್ಚಬೇಕು.

ಗೌರವಧನ ಬೇಡ, ಇಂಡಿಯ ಹಿರಿಯರ ಮಾತಿಗೆ ನನ್ನ ಒಪ್ಪಿಗೆ ಇದೆ. ಭತ್ಯೆ ಮಾತ್ರ ಗೌರವದಷ್ಟು ಇರಲಿ.

ಗಡಿನಾಡು_ಪತಸಂಸ್ಥೆ

ಪಾಟೀಲ್ರೆ, ನಿಮ್ಮಂಥವರು ಹದಿಮೂರರಲ್ಲಿ ಎಷ್ಟು ಜನ? ಎರಡು? ಉಳಿದ ಹನ್ನೊಂದು ಜನಕ್ಕೂ ಅದೇ ದುಡ್ಡು ಹೋಗುತ್ತದಲ್ಲ.

ಪಾಟೀಲ್ರ_ಕಬ್ಬು

ಮೂರು. ಜಗಳ ಬೇಡ.

ಇಂಡಿ_ನಿಂಬೆ

ಮುಧೋಳದ ಸಾಹುಕಾರ್ರೆ, ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬೈಲಾ ತರಿಸಿ ನೋಡಿ. ಭತ್ಯೆ, ಗೌರವಧನದ ಬಗ್ಗೆ ಬೈಲಾದಲ್ಲಿ ಏನು ಬರೆದಿದೆಯೋ ಅದರ ಹೊರಗೆ ಮಹಾಸಭೆ ಮಂಜೂರ್ ಅಂದರೂ ನಡೆಯುವುದಿಲ್ಲ. ಮೊದಲು ಬೈಲಾ ತಿದ್ದುಪಡಿ, ಅದು ಇಲಾಖೆಯಲ್ಲಿ ನೋಂದಣಿ ಆಗಬೇಕು, ಆಮೇಲೆ ದುಡ್ಡು. ಕೊಡದಿದ್ದರೆ ಮಾಹಿತಿ ಹಕ್ಕು ಹಾಕುತ್ತೇನೆ ಅಂತ ಹೆದರಿಸಬೇಡಿ, ಸಹಕಾರ ಸಂಘ ಅಂದ ಮಾತ್ರಕ್ಕೆ ಆ ಕಾನೂನಿನಡಿ ಬರುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ, ಕಾರ್ಯದರ್ಶಿಗೆ ಅದು ಬಾಯಿಪಾಠ ಇರುತ್ತದೆ. ಸದಸ್ಯ ಅಂತಲೇ ಲಿಖಿತ ಅರ್ಜಿ ಕೊಡಿ. ಇಲಾಖೆಯ ಹತ್ತಿರ ಇರುವ ಕಾಗದಕ್ಕೆ ಬೇಕಾದರೆ ಮಾಹಿತಿ ಹಕ್ಕು ನಡೆಯುತ್ತದೆ.

ಮತ್ತೆ ಎದ್ದು ನಿಂತಾಗ ಡೈರೆಕ್ಟರುಗಳನ್ನು ಬಯ್ಯಬೇಡಿ. ಮೂರು ವಿಷಯ ಕೇಳಿ ಕೂತುಬಿಡಿ: ಕಳೆದ ವರ್ಷ ಯಾರ್ಯಾರು ಎಷ್ಟು ಮೀಟಿಂಗಿಗೆ ಬಂದರು, ಡೈರೆಕ್ಟರು ಮತ್ತು ಅವರ ಮನೆಯವರ ಹೆಸರಲ್ಲಿ ಸಾಲ ಎಷ್ಟಿದೆ, ಅದರಲ್ಲಿ ಕಟಬಾಕಿ ಎಷ್ಟು. ಬಾಡಿಗೆ ಯಾರಿಗೆ ಹೋಗುತ್ತದೆ ಅಂತ ನಾಲ್ಕನೇದು ಕೇಳುವ ಧೈರ್ಯ ಇದ್ದರೆ ಕೇಳಿ.

ಘಟಪ್ರಭಾ_ದಂಡೆ

ಸಭೆ ಮುಗಿಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಬೈಲಾ ಸಿಕ್ಕಿತು, ಮೂರು ಸಲ ತಿರುಗಿಸಿದ ಮೇಲೆ. ಭತ್ಯೆಯನ್ನು ಮಹಾಸಭೆ ನಿಗದಿ ಮಾಡಬಹುದು ಅಂತ ಇದೆ. ಗೌರವಧನದ ಹೆಸರೇ ಇಲ್ಲ. ಶನಿವಾರವೇ ಹೋಗಿ ಕಾರ್ಯದರ್ಶಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, "ನೀವು ಯಾಕೆ ಇಷ್ಟು ಓದ್ತೀರಿ" ಅಂದರು.

ರವಿವಾರ ನಾನು ಮತ್ತು ಇಬ್ಬರು ಗೆಳೆಯರು ಮೊದಲೇ ಎದ್ದು, ಒಂಬತ್ತನೇ ವಿಷಯ ಎರಡನೇದು ಆಗಲಿ ಅಂತ ಕೇಳಿದೆವು. ಸ್ವಲ್ಪ ಗದ್ದಲ ಆಯಿತು. ಹಿಂದಿನಿಂದ ಯಾರೋ "ಆಗ್ಲಿ ಬಿಡ್ರಿ" ಅಂದರು, ಆಯಿತು. ಹಾಜರಿ ಪಟ್ಟಿ ಓದಿಸಿದೆವು. ಹದಿಮೂರರಲ್ಲಿ ನಾಲ್ಕು ಜನ ಅರ್ಧ ಮೀಟಿಂಗಿಗೂ ಬಂದಿಲ್ಲ, ಅವರಲ್ಲಿ ಒಬ್ಬರು ವೇದಿಕೆಯ ಮೇಲೇ ಕೂತಿದ್ದರು, ಹಾರ ಹಾಕಿಕೊಂಡು. ಸಾಲದ ಪಟ್ಟಿ ಕೊಡಲಿಲ್ಲ, ಲಿಖಿತ ಕೇಳಿ ಅಂದರು, ಕೇಳಿದ್ದೇನೆ. ಬಾಡಿಗೆಯ ಪ್ರಶ್ನೆ ನನ್ನ ಗಂಟಲ ತನಕ ಬಂದು ನಿಂತಿತು. ನಿಜ ಹೇಳುತ್ತೇನೆ, ಕೇಳಲಿಕ್ಕೆ ಆಗಲಿಲ್ಲ, ಕಟ್ಟಡದ ಮಾಲೀಕರು ನನ್ನ ಅಂಗಡಿಯ ಖಾಯಂ ಗಿರಾಕಿ.

ಕೊನೆಗೆ ಭತ್ಯೆ 600 ಆಯಿತು. ತಿಂಗಳಿಗೆ ಎರಡು ಮೀಟಿಂಗಿನ ಮೇಲೆ ಕೊಡುವ ಹಾಗಿಲ್ಲ. ಗೌರವಧನ ಬಿಟ್ಟರು. ಕೂಲಿ ಮಾಡುವವರು ಯಾರಾದರೂ ಮಂಡಳಿಗೆ ಬಂದರೆ ಆ ದಿನದ ಕೂಲಿ ಹೆಚ್ಚಿಗೆ ಕೊಡಬೇಕು ಅಂತ ಕಂಡಿಕಿ ಅಕ್ಕಾರ ಮಾತು ನಾನು ಹೇಳಿದೆ, ಎಲ್ಲರೂ ತಲೆ ಆಡಿಸಿದರು, ಠರಾವಿನಲ್ಲಿ ಬರೆದರಾ ಇಲ್ಲವಾ ನಡಾವಳಿ ನೋಡಿದ ಮೇಲೆ ಗೊತ್ತಾಗುತ್ತದೆ. ಕ್ಲರ್ಕ್ ಹುಡುಗಿಯ ಪಗಾರದ ಮಾತು ತೆಗೆದೆ, ಅದು ಅಜೆಂಡಾದಲ್ಲಿ ಇಲ್ಲ ಅಂದರು.

ಊಟಕ್ಕೆ ಕೂತಾಗ ಅಧ್ಯಕ್ಷರು ಪಕ್ಕಕ್ಕೇ ಬಂದು ಕೂತರು. ನನ್ನ ಎಲೆಗೆ ಇನ್ನೊಂದು ಸವಟು ಹುಗ್ಗಿ ಹಾಕಿಸಿ, "ಬರುವ ವರ್ಷ ಎಲೆಕ್ಷನ್ ಐತಿ, ನೀವ ನಿಲ್ರಿ, ಸುಸ್ತಿದಾರರ ಪಟ್ಟಿ ನಿಮ್ಮ ಕೈಯಾಗ ಕೊಡ್ತೀನಿ" ಅಂದರು. ನಗುತ್ತಾ ಅಂದರೋ ಸಿಟ್ಟಿನಿಂದ ಅಂದರೋ ತಿಳಿಯಲಿಲ್ಲ. ಮನೆಯಲ್ಲಿ ಹೇಳಿದೆ. ಹೆಂಡತಿ, "600 ರೂಪಾಯಿಗಾ?" ಅಂದಳು.

ಪಾಟೀಲ್ರೆ, ನಾಮಪತ್ರಕ್ಕೆ ಏನೇನು ಕಾಗದ ಬೇಕು?